ಬಳುಕುವ ಬಂಗಾರ: ಕುಂದಣದ ಒಡವೆಗಳ ಶಿಲ್ಪ

ಚಿನ್ನವು ಎಷ್ಟೇ ಮೃದುವೆಂದರೂ ಲೋಹವೇ. ರತ್ನವಂತೂ ಕಿಂಚಿತ್ತೂ ಬಾಗದ ವಸ್ತು. ಅವನ್ನು ಧರಿಸುವ ದೇಹವಾದರೋ ಹೆಜ್ಜೆ ಹೆಜ್ಜೆಗೂ ಬಾಗುವುದು, ತಿರುಗುವುದು. ಬಾಗದ ವಸ್ತುಗಳಿಂದ ಬಳುಕುವ ಆಭರಣವನ್ನು ನಿರ್ಮಿಸುವುದು ಹೇಗೆ? ಈ ಪ್ರಶ್ನೆಗೆ ದಕ್ಷಿಣ ಭಾರತದ ಅಕ್ಕಸಾಲಿಗರು ಕಂಡುಕೊಂಡ ಉತ್ತರವೇ ಕುಂದಣದ ಕೆತ್ತನೆಯ ಜಡೆನಾಗರ, ಕೀಲುಗಳುಳ್ಳ ಡಾಬು, ಅಡ್ಡಿಕೆ, ತೋಳ್ಬಂದಿಗಳು.

ಈ ಕಲೆಯ ಅಭಿರುಚಿ ನಮ್ಮ ನಾಡಿನಲ್ಲಿ ಬಹು ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರತ್ನಗಳ ಪರೀಕ್ಷೆಗೂ ಆಭರಣಗಳ ವರ್ಣನೆಗೂ ಸ್ಥಾನವಿದೆ. 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಸೊಂಟದ ಮೇಖಲೆಗಳು, ಕಲ್ಲಿನಲ್ಲಿ ಕಡೆದವಾದರೂ, ಎಳೆ ಎಳೆಯಾಗಿ ತೊಡೆಯ ಮೇಲೆ ಇಳಿಬಿದ್ದಂತೆಯೇ ತೋರುತ್ತವೆ. ದೆಹಲಿಯಲ್ಲಿ ಅಲಾವುದ್ದೀನ್ ಖಿಲ್ಜಿಯ ಭಂಡಾರದ ಸೇವೆಯಲ್ಲಿದ್ದ ಜೈನ ಶ್ರಾವಕ ಠಕ್ಕುರ ಫೇರುವು 1315ರಲ್ಲಿ ರತ್ನಪರೀಕ್ಷೆಯ ಮೇಲೆ ಗ್ರಂಥವನ್ನೇ ಬರೆದನು. ಕಲ್ಲಿನ ಗುಣವನ್ನರಿಯುವುದು ವರ್ತಕನಿಗೂ ಒಂದು ಶಾಸ್ತ್ರವಾಗಿದ್ದಿತೆಂಬುದಕ್ಕೆ ಇದು ಸಾಕ್ಷಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸನು ಮಹಾನವಮಿಯ ಉತ್ಸವದಲ್ಲಿ ಕಂಡ ಅಂತಃಪುರದ ಸ್ತ್ರೀಯರನ್ನು ವರ್ಣಿಸುತ್ತಾ, ಚಿನ್ನ ಮತ್ತು ರತ್ನಗಳ ಪಟ್ಟಿಗಳು ಒಂದರ ಕೆಳಗೊಂದು ಅರ್ಧ ತೊಡೆಯವರೆಗೆ ಜೋಲುತ್ತಿದ್ದುವೆಂದೂ, ಒಡವೆಗಳ ಭಾರವನ್ನು ತಾಳಲಾರದ ಕೆಲವರ ತೋಳುಗಳನ್ನು ಜೊತೆಯ ಹೆಂಗಸರು ಆನಿಸಿಕೊಂಡಿದ್ದರೆಂದೂ ಬರೆದಿದ್ದಾನೆ.

ಬಳುಕುವ ಒಡವೆಗಳಲ್ಲೆಲ್ಲ ಜಡೆನಾಗರವೇ ಶ್ರೇಷ್ಠವೆನ್ನಬೇಕು. ನೆತ್ತಿಯ ಹಿಂದೆ ದುಂಡನೆಯ ರಾಗಟೆ, ಅದರ ಕೆಳಗೆ ಅರ್ಧಚಂದ್ರ, ಕೇದಗೆ, ಬಳಿಕ ಹೆಡೆಯೆತ್ತಿದ ನಾಗರ; ಅಲ್ಲಿಂದ ಕೆಳಕ್ಕೆ ಕ್ರಮಕ್ರಮವಾಗಿ ಕಿರಿದಾಗುವ ಬಿಲ್ಲೆಗಳ ಸಾಲು; ಕೊನೆಯಲ್ಲಿ ಕುಚ್ಚುಗಳು. ಜಡೆ ಅತ್ತಿತ್ತ ತೂಗಿದಾಗ ಒಡವೆಯೂ ಅದರೊಡನೆ ತೂಗುತ್ತದೆ. ಒಂದೊಂದು ಬಿಲ್ಲೆಯೂ ತನ್ನಷ್ಟಕ್ಕೆ ಗಟ್ಟಿ; ಬಳುಕು ಇರುವುದು ಬಿಲ್ಲೆಗಳ ನಡುವಿನ ಕೊಂಡಿಗಳಲ್ಲಿ. ಕೊಂಡಿ ಬಿಗಿಯಾದರೆ ಒಡವೆ ಸೆಟೆದು ನಿಲ್ಲುವುದು. ಸಡಿಲವಾದರೆ ಬಿಲ್ಲೆಗಳು ಒಂದಕ್ಕೊಂದು ಉಜ್ಜಿ ಸವೆಯುವುವು.

ಇದರ ನಿರ್ಮಾಣಕ್ರಮವು ಗಮನಾರ್ಹವಾದುದು. ಮೊದಲು ತೆಳುವಾದ ಚಿನ್ನದ ತಗಡಿನಿಂದ ಟೊಳ್ಳಾದ ಮನೆಗಳನ್ನು ಮಾಡಿ, ಕೊಂಡಿಗಳನ್ನು ಬೆಸೆಯುತ್ತಾರೆ. ಬೆಂಕಿಯ ಕೆಲಸವೆಲ್ಲ ಇಲ್ಲಿಗೇ ಮುಗಿಯಬೇಕು. ಏಕೆಂದರೆ ಅನಂತರ ಟೊಳ್ಳಿನೊಳಗೆ ತುಂಬುವ ಅರಗು ಶಾಖವನ್ನು ತಾಳದು. ಅರಗಿನ ಮೇಲೆ ಹೊಳಪಿನ ತಗಡನ್ನಿರಿಸಿ, ಅದರ ಮೇಲೆ ಹರಳನ್ನು ಕೂರಿಸುತ್ತಾರೆ. ಆಮೇಲೆ ಬರುವುದೇ ಕುಂದಣ. ಪುಟವಿಟ್ಟು ಶುದ್ಧಗೊಳಿಸಿದ ಅಪರಂಜಿಯನ್ನು ಬಡಿದು ತೆಳ್ಳನೆಯ ಪಟ್ಟಿಗಳನ್ನಾಗಿಸಿ, ಹರಳಿನ ಸುತ್ತ ಉಕ್ಕಿನ ಕಡ್ಡಿಯಿಂದ ಒತ್ತುತ್ತಾರೆ. ಅಷ್ಟು ಶುದ್ಧವಾದ ಚಿನ್ನವು ಬೆಂಕಿಯಿಲ್ಲದೆ, ಬೆಸುಗೆಯಿಲ್ಲದೆ, ಕೇವಲ ಒತ್ತಡದಿಂದಲೇ ಪದರಕ್ಕೆ ಪದರ ಕೂಡಿ ಒಂದಾಗುತ್ತದೆ. ಕಲ್ಲಿನ ಆಕಾರ ಹೇಗಿದ್ದರೂ ಕುಂದಣ ಅದನ್ನು ಅಪ್ಪಿಕೊಳ್ಳುವುದು. ಆದ್ದರಿಂದ ಕಲ್ಲನ್ನು ಅಳತೆಗೆ ತರಲೆಂದು ಬಹಳವಾಗಿ ಅರೆದು ತೂಕ ಕಳೆಯುವ ಅವಶ್ಯಕತೆಯಿರಲಿಲ್ಲ.

ಬರ್ಮಾ ಮತ್ತು ಸಿಂಹಳದ ಕೆಂಪು, ಕೃಷ್ಣಾ ಕಣಿವೆಯ ವಜ್ರ, ಮನ್ನಾರ್ ಕೊಲ್ಲಿಯ ಮುತ್ತು, 16ನೆಯ ಶತಮಾನದ ಉತ್ತರಾರ್ಧದಿಂದ ಕಡಲು ದಾಟಿ ಬಂದ ಕೊಲಂಬಿಯದ ಪಚ್ಚೆ, ಹೀಗೆ ದೂರದೂರದ ನೆಲಗಳು ಒಂದೇ ಒಡವೆಯಲ್ಲಿ ಸೇರುತ್ತಿದ್ದುವು. ಉತ್ತರದ ಜಯಪುರದಲ್ಲಿ ಒಡವೆಯ ಹಿಂಬದಿಗೆ ಮೀನಾಕಾರಿಯ ಬಣ್ಣ ತುಂಬಿದರೆ, ದಕ್ಷಿಣದವರು ಸಾಮಾನ್ಯವಾಗಿ ಬರಿಯ ಬಂಗಾರವನ್ನೇ ಉಳಿಸಿದರು.

ಈ ಕಲೆಗೆ ಬಿದ್ದ ದೊಡ್ಡ ಪೆಟ್ಟು 1963ರ ಜನವರಿಯ ಚಿನ್ನ ನಿಯಂತ್ರಣ ನಿಯಮಗಳದು. 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯ ಹೊಸ ಆಭರಣಗಳನ್ನು ಮಾಡಕೂಡದೆಂದು ಆಗ ವಿಧಿಸಲಾಯಿತು. ಎಂದರೆ, ಚಿನ್ನದ ಅಂಶ ನೂರಕ್ಕೆ ಸುಮಾರು 58 ಮಾತ್ರ. ಅಂಥ ಮಿಶ್ರಲೋಹವು ಕಡ್ಡಿಯ ಒತ್ತಡಕ್ಕೆ ಕೂಡಿಕೊಳ್ಳದು, ಅದರಿಂದ ಕುಂದಣವಾಗದು. ಅಸಂಖ್ಯ ಅಕ್ಕಸಾಲಿಗರು ಕಸುಬು ಕಳೆದುಕೊಂಡರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. 14 ಕ್ಯಾರೆಟ್ಟಿನ ಕಟ್ಟು 1966ರಲ್ಲಿ ಸಡಿಲಿತು. 1968ರ ಚಿನ್ನ ನಿಯಂತ್ರಣ ಕಾಯಿದೆಯು 1990ರಲ್ಲಿ ರದ್ದಾಯಿತು. ಆದರೆ ತಂದೆಯಿಂದ ಮಗನ ಕೈಗೆ ಬರಬೇಕಾದ ವಿದ್ಯೆ ನಡುವೆ ತುಂಡಾದರೆ, ಅದನ್ನು ಮತ್ತೆ ಕೂಡಿಸಲು ಯಾವ ಕಾಯಿದೆಗೂ ಶಕ್ಯವಿಲ್ಲ. ನಾಗರಕೋಯಿಲಿನ ಬಳಿಯ ವಡಸೇರಿಯಂಥ ಕಡೆಗಳಲ್ಲಿ ಕೆಂಪುಕಲ್ಲಿನ ಕೆಲಸವು ಇಂದಿಗೂ ಜೀವಂತವಾಗಿರುವುದು ಸಮಾಧಾನದ ಸಂಗತಿ. ಭರತನಾಟ್ಯದ ವೇದಿಕೆಯಲ್ಲಿ ಜಡೆನಾಗರದ ರೂಪವು ಉಳಿದಿದೆ. ಅಲ್ಲಿ ಹೆಚ್ಚಾಗಿ ಕಾಣುವುದು ಗಿಲೀಟಿನದು.

ಇಂದಿನ ಅಪಾಯ ಇನ್ನೊಂದು ಬಗೆಯದು. ಹಳೆಯ ಕುಂದಣದ ಒಡವೆ ಕರಗಿಸುವ ಮೂಸೆಗೆ ಹೋದಾಗ ಹರಳುಗಳನ್ನು ಕೀಳುತ್ತಾರೆ, ಅರಗಿನ ತೂಕವನ್ನು ಕಳೆಯುತ್ತಾರೆ, ಉಳಿದ ಚಿನ್ನಕ್ಕೆ ಬೆಲೆ ಕಟ್ಟುತ್ತಾರೆ. ಆ ಲೆಕ್ಕದಲ್ಲಿ ಕೆಲಸಗಾರನ ಕೈಗೆ ಬೆಲೆಯಿಲ್ಲ. ತಕ್ಕಡಿಯು ಸುಳ್ಳು ಹೇಳದು, ನಿಜ. ಆದರೆ ಅದು ಎಲ್ಲವನ್ನೂ ಹೇಳಲಾರದು. ಯಾರ ಮನೆಯ ಪೆಟ್ಟಿಗೆಯಲ್ಲಿ ಅಜ್ಜಿಯ ಕಾಲದ ಅಡ್ಡಿಕೆಯೋ ಡಾಬೋ ಉಳಿದಿದೆಯೋ ಅವರು ಅದನ್ನು ಕರಗಿಸುವ ಮುನ್ನ ಒಮ್ಮೆ ಅಂಗೈಯ ಮೇಲೆ ಹರಡಿ, ಅದು ಬಳುಕುವ ಬಗೆಯನ್ನು ನೋಡುವುದು ಒಳಿತು.