ಲೋಕಸಭೆಯಲ್ಲಿ ಕಲಬುರಗಿ: ಆಳಂದ, ಅಫಜಲಪುರ, ಜೇವರ್ಗಿಗಳ ನೆಲೆಯಿಂದ ಒಂದು ನೋಟ

ಕಲಬುರಗಿ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣ ಭಾಗದ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಗೆ ಜಿಲ್ಲಾ ಕೇಂದ್ರ ಒಂದೇ. ಲೋಕಸಭಾ ಕ್ಷೇತ್ರ ಮಾತ್ರ ಒಂದೇ ಅಲ್ಲ. ಅಫಜಲಪುರ ಮತ್ತು ಜೇವರ್ಗಿಯ ಮತದಾರರು ಗುಲಬರ್ಗಾ ಕ್ಷೇತ್ರಕ್ಕೆ ಸೇರಿದ್ದರೆ, ಆಳಂದದವರು ಬೀದರ ಕ್ಷೇತ್ರಕ್ಕೆ ಸೇರಿದ್ದಾರೆ. ಕ್ಷೇತ್ರದ ಗಡಿಯು ಜನಜೀವನದ ಗಡಿಯನ್ನು ಅನುಸರಿಸಲೇಬೇಕೆಂಬ ನಿಯಮವೇನೂ ಇಲ್ಲ. ಆದರೂ ಒಂದು ನಾಡಿನ ಪರವಾಗಿ ದೆಹಲಿಯಲ್ಲಿ ಮಾತನಾಡಿದವರು ಯಾರು, ಅವರನ್ನು ಅಲ್ಲಿಗೆ ಕಳುಹಿಸಿದ ನಿರ್ಧಾರ ಎಲ್ಲಿಯದು ಎಂಬ ಪ್ರಶ್ನೆಯನ್ನು ಇಲ್ಲಿಯ ಚರಿತ್ರೆ ಮತ್ತೆ ಮತ್ತೆ ಎತ್ತಿದೆ.

1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಪ್ರದೇಶವು ಮೊದಲ ಸಾರ್ವತ್ರಿಕ ಚುನಾವಣೆಯನ್ನು ಕಂಡದ್ದು ಹೈದರಾಬಾದ್ ರಾಜ್ಯದ ಭಾಗವಾಗಿ. 1952ರಲ್ಲಿ ಗುಲಬರ್ಗಾದಿಂದ ಆಯ್ಕೆಯಾದವರು ಸ್ವಾಮಿ ರಮಾನಂದ ತೀರ್ಥರು. ಅಂದಿನ ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ 1903ರಲ್ಲಿ ಜನಿಸಿದ ವೆಂಕಟೇಶ ಖೇಡಗೀಕರರು ಸಂನ್ಯಾಸ ಸ್ವೀಕರಿಸಿ, ಮರಾಠವಾಡದ ಶಾಲೆಗಳಲ್ಲಿ ದುಡಿದು, ಹೈದರಾಬಾದ್ ವಿಮೋಚನಾ ಹೋರಾಟದ ಮುಂದಾಳಾದರು. ಹುಟ್ಟೂರು ಬ್ರಿಟಿಷ್ ಆಡಳಿತದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕರ್ಮಭೂಮಿ ನಿಜಾಮರ ಸೀಮೆ. ಹೈದರಾಬಾದ್ ರಾಜ್ಯವು ಭಾಷೆಯ ಆಧಾರದ ಮೇಲೆ ವಿಭಜನೆಯಾಗಬೇಕೆಂದು ವಾದಿಸಿದವರಲ್ಲಿ ಅವರೂ ಒಬ್ಬರು. ಆ ವಾದ 1956ರ ನವೆಂಬರ್ 1ರಂದು ಕೈಗೂಡಿ ಗುಲಬರ್ಗಾ ಮೈಸೂರು ರಾಜ್ಯಕ್ಕೆ ಬಂದಿತು. 1957ರಲ್ಲಿ ಸ್ವಾಮೀಜಿ ಔರಂಗಾಬಾದಿನಿಂದ ಲೋಕಸಭೆಗೆ ಹೋದರು. ತಾವು ಬಯಸಿದ ವಿಭಜನೆಯೇ ಅವರನ್ನೂ ಅವರ ಮೊದಲ ಕ್ಷೇತ್ರವನ್ನೂ ಬೇರೆ ಬೇರೆ ರಾಜ್ಯಗಳಲ್ಲಿ ಇರಿಸಿತು.

1957ರಲ್ಲಿ ಗುಲಬರ್ಗಾ ದ್ವಿಸದಸ್ಯ ಕ್ಷೇತ್ರವಾಗಿತ್ತು. ಮಹಾದೇವಪ್ಪ ರಾಂಪುರೆ ಮತ್ತು ಶಂಕರದೇವ ಇಬ್ಬರೂ ಕಾಂಗ್ರೆಸ್ಸಿನಿಂದ ಗೆದ್ದರು. ರಾಂಪುರೆಯವರು 1962 ಮತ್ತು 1967ರಲ್ಲಿಯೂ ಆಯ್ಕೆಯಾದರು. ಅವರ ಹೆಸರು ಇಂದಿಗೂ ಜನರ ಬಾಯಲ್ಲಿ ಉಳಿದಿರುವುದು ಸಂಸತ್ತಿನ ಕಾರಣಕ್ಕಲ್ಲ. 1958ರಲ್ಲಿ ಆರಂಭವಾದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹಾಗೂ 1963ರ ವೈದ್ಯಕೀಯ ಕಾಲೇಜು ಅವರ ನಿಜವಾದ ಸ್ಮಾರಕಗಳು. ಸಂಸದನ ಸಾಧನೆಯನ್ನು ಸದನದ ಭಾಷಣಗಳಲ್ಲಿ ಮಾತ್ರ ಹುಡುಕುವ ಸಂಶೋಧಕರು ಈ ಸಂಗತಿಯನ್ನು ಗಮನಿಸಬೇಕು. 1971ರಲ್ಲಿ ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಧರ್ಮರಾವ್ ಶರಣಪ್ಪ ಅಫಜಲಪುರಕರ ಆಯ್ಕೆಯಾದರು. ಅವರ ತರುವಾಯ 1974ರ ಉಪಚುನಾವಣೆಯಲ್ಲಿಯೂ 1977ರಲ್ಲಿಯೂ ಸಿದ್ರಾಮರೆಡ್ಡಿ ಗೆದ್ದರು.

1980ರ ಪ್ರಸಂಗ ಸ್ವಲ್ಪ ವಿವರವಾಗಿ ನೋಡತಕ್ಕದ್ದು. ಜೇವರ್ಗಿ ತಾಲೂಕಿನ ನೆಲೋಗಿಯ ಧರ್ಮಸಿಂಗ್ ಆ ವರ್ಷ ಇಂದಿರಾ ಕಾಂಗ್ರೆಸ್ಸಿನಿಂದ ಗೆದ್ದರು. ಅದೇ ಚುನಾವಣೆಯಲ್ಲಿ ಹೊಸದೆಹಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಅವರೆದುರು ಸೋತಿದ್ದ ಕೇರಳದ ಸಿ.ಎಂ. ಸ್ಟೀಫನ್ ಅವರಿಗೆ ಸದನದಲ್ಲಿ ಸ್ಥಾನ ಬೇಕಾಗಿತ್ತು. ಧರ್ಮಸಿಂಗ್ ರಾಜೀನಾಮೆ ನೀಡಿ ರಾಜ್ಯ ರಾಜಕಾರಣಕ್ಕೆ ಮರಳಿದರು. ಉಪಚುನಾವಣೆಯಲ್ಲಿ ಗೆದ್ದ ಸ್ಟೀಫನ್ ಕೇಂದ್ರದಲ್ಲಿ ಸಂಪರ್ಕ ಖಾತೆಯ ಸಚಿವರಾಗಿದ್ದರು. ಭೀಮಾ ತೀರದ ಮತದಾರರು ತಮ್ಮವನೆಂದು ಆರಿಸಿದವನ ಸ್ಥಾನ ಕೆಲವೇ ತಿಂಗಳಲ್ಲಿ ಪರಭಾಷಿಕ ನಾಯಕರೊಬ್ಬರಿಗೆ ಸಂದಿತು. ಇದನ್ನು ಪಕ್ಷನಿಷ್ಠೆ ಎಂದು ಹೊಗಳಿದವರುಂಟು. ಆದರೆ ಬಿಟ್ಟುಕೊಟ್ಟದ್ದು ಧರ್ಮಸಿಂಗರ ಸ್ವಂತ ಆಸ್ತಿಯನ್ನಲ್ಲ, ಒಂದು ಸೀಮೆಯ ಧ್ವನಿಯನ್ನು.

ಅನಂತರದ ಪಟ್ಟಿಯನ್ನು ಬೇಗ ದಾಟಬಹುದು. 1984ರಲ್ಲಿ ಚಿಂಚೋಳಿಯ ವೀರೇಂದ್ರ ಪಾಟೀಲ. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರನ್ನು ಎದುರಿಸಿ ಸೋತಿದ್ದವರು ಈಗ ಅವರದೇ ಪಕ್ಷದಲ್ಲಿದ್ದರು. 1989 ಮತ್ತು 1991ರಲ್ಲಿ ಬಿ.ಜಿ. ಜವಳಿ. 1996ರಲ್ಲಿ ಜನತಾದಳದ ಖಮರುಲ್ ಇಸ್ಲಾಂ ಕಾಂಗ್ರೆಸ್ಸಿನ ಸರಣಿಯನ್ನು ಮುರಿದರು, 1998ರಲ್ಲಿ ಭಾರತೀಯ ಜನತಾ ಪಕ್ಷದ ಬಸವರಾಜ ಪಾಟೀಲ ಸೇಡಂ ಗೆದ್ದರು. 1999 ಮತ್ತು 2004ರಲ್ಲಿ ಇಕ್ಬಾಲ್ ಅಹಮದ್ ಸರಡಗಿ ಕ್ಷೇತ್ರವನ್ನು ಮತ್ತೆ ಕಾಂಗ್ರೆಸ್ಸಿಗೆ ತಂದರು.

ಕ್ಷೇತ್ರ ಪುನರ್ವಿಂಗಡಣೆಯ ಬಳಿಕ 2009ರಲ್ಲಿ ಗುಲಬರ್ಗಾ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಅದುವರೆಗೆ ಮೀಸಲಾಗಿದ್ದ ಬೀದರ ಸಾಮಾನ್ಯ ಕ್ಷೇತ್ರವಾಯಿತು. ಅಫಜಲಪುರ, ಜೇವರ್ಗಿಗಳು ಗುಲಬರ್ಗಾ ಕ್ಷೇತ್ರದಲ್ಲಿದ್ದವು; ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡವನ್ನು ಒಳಗೊಂಡ ಸೇಡಂ ಭಾಗವೂ ಅಲ್ಲಿಯೇ ಇತ್ತು. ಬೀದರ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳ ಜೊತೆಗೆ ಆಳಂದ ಮತ್ತು ಚಿಂಚೋಳಿಗಳು ಬೀದರ ಕ್ಷೇತ್ರದಲ್ಲಿದ್ದವು. ಆಗ ನಡೆದದ್ದು ಕುತೂಹಲಕರ. ಬೀದರ ಜಿಲ್ಲೆಯ ವರವಟ್ಟಿಯಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಖರ್ಗೆಯವರು ಗುಲಬರ್ಗಾದಿಂದ ಗೆದ್ದರು. ಹಿಂದಿನ ವರ್ಷವಷ್ಟೇ ಜೇವರ್ಗಿ ವಿಧಾನಸಭಾ ಕ್ಷೇತ್ರದಲ್ಲಿ ಅತ್ಯಲ್ಪ ಅಂತರದಿಂದ ಸೋತಿದ್ದ ಧರ್ಮಸಿಂಗ್ ಬೀದರದಿಂದ ಗೆದ್ದರು. ಮೂರು ದಶಕಗಳ ಹಿಂದೆ ಲೋಕಸಭಾ ಸ್ಥಾನವನ್ನು ತೆರವು ಮಾಡಿದವರು ಈಗ ಆಳಂದದ ಪ್ರತಿನಿಧಿ. ಹುಟ್ಟಿದ ನೆಲೋಗಿಗೆ ಅಲ್ಲ.

ಈ ಅದಲುಬದಲಿನಿಂದ ನಷ್ಟವಾಯಿತೆಂದು ಹೇಳಲಾಗದು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಬೇಕೆಂದು ವೈಜನಾಥ ಪಾಟೀಲ ಮೊದಲಾದವರು ದೀರ್ಘಕಾಲ ಬೀದಿಯಲ್ಲಿ ನಡೆಸಿದ ಹೋರಾಟವನ್ನು ಕೇಂದ್ರ ಹಿಂದೆ ತಿರಸ್ಕರಿಸಿತ್ತು. 2012ರ ಡಿಸೆಂಬರಿನಲ್ಲಿ 371(ಜೆ) ವಿಧಿಯನ್ನು ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿಗೆ ಸಂಸತ್ತು ಒಪ್ಪಿಗೆ ನೀಡಿದಾಗ ಖರ್ಗೆ ಕೇಂದ್ರ ಸಚಿವರಾಗಿದ್ದರು, ಧರ್ಮಸಿಂಗ್ ಅದೇ ಸದನದ ಸದಸ್ಯರಾಗಿದ್ದರು. ಇಬ್ಬರೂ ಅದಕ್ಕಾಗಿ ಶ್ರಮಿಸಿದವರು. ಉದ್ಯೋಗ ಮತ್ತು ಶಿಕ್ಷಣದಲ್ಲಿ ಸ್ಥಳೀಯರಿಗೆ ಮೀಸಲಾತಿ, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇವು ಅದರ ಫಲ. ಆಳಂದದ ವಿದ್ಯಾರ್ಥಿಗೂ ಅಫಜಲಪುರದ ವಿದ್ಯಾರ್ಥಿಗೂ ಆ ಫಲ ಸಮಾನವಾಗಿ ದೊರೆಯಿತು. ಇಲ್ಲಿ ಕ್ಷೇತ್ರದ ಗೆರೆ ಅಡ್ಡ ಬರಲಿಲ್ಲ.

2014ರಲ್ಲಿ ಮತ್ತೆ ಗೆದ್ದ ಖರ್ಗೆಯವರು 2019ರಲ್ಲಿ ಉಮೇಶ ಜಾಧವ ಅವರೆದುರು 95,452 ಮತಗಳಿಂದ ಸೋತರು. ಅವರ ದೀರ್ಘ ಚುನಾವಣಾ ಜೀವನದಲ್ಲಿ ಅದೇ ಮೊದಲ ಸೋಲು. 2024ರಲ್ಲಿ ಅವರ ಅಳಿಯ ರಾಧಾಕೃಷ್ಣ ದೊಡ್ಡಮನಿ 27,205 ಮತಗಳಿಂದ ಕ್ಷೇತ್ರವನ್ನು ಮರಳಿ ಪಡೆದರು. ಅದೇ ಚುನಾವಣೆಯಲ್ಲಿ ಆಳಂದವನ್ನೊಳಗೊಂಡ ಬೀದರದಿಂದ ಆಯ್ಕೆಯಾದವರು ಸಾಗರ ಖಂಡ್ರೆ. 2014ರ ನವೆಂಬರ್ 1ರಂದು ನಗರದ ಹೆಸರು ಕಲಬುರಗಿ ಎಂದು ಬದಲಾಯಿತಾದರೂ ಚುನಾವಣಾ ಆಯೋಗದ ಪಟ್ಟಿಯಲ್ಲಿ ಈ ಲೋಕಸಭಾ ಕ್ಷೇತ್ರ ಇನ್ನೂ ಗುಲಬರ್ಗಾ ಎಂದೇ ಇದೆ.