ನೀರ್ ಸಾಬ್ ತೆರೆದ ಬಾಗಿಲು

ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಹುಟ್ಟುವುದು ನಂದಿಬೆಟ್ಟದ ಸೀಮೆಯಲ್ಲಿ. ಆದರೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೆರೆ, ಬಾವಿ ಬತ್ತಿದ ಮೇಲೆ ಉಳಿದದ್ದು ಕೊಳವೆಬಾವಿ. ಬಿಂದಿಗೆ ಹೊರುವವರು ಹೆಂಗಸರು. ಬೋರ್ ಯಾವ ಬೀದಿಗೆ ಬೇಕೆಂದು ತೀರ್ಮಾನಿಸುತ್ತಿದ್ದವರು ಗಂಡಸರು. ಇಲ್ಲಿನ ಮಹಿಳಾ ರಾಜಕೀಯದ ಕಥೆಯನ್ನು ಈ ಬಿಂದಿಗೆಯಿಂದಲೇ ಆರಂಭಿಸಬೇಕು.

1959ರ ಕಾಯ್ದೆಯಲ್ಲಿ ಪಂಚಾಯಿತಿಗಳಲ್ಲಿ ಮಹಿಳೆಯರಿಗೆಂದು ಇದ್ದದ್ದು ಒಂದೆರಡು ಸ್ಥಾನ. ಒಬ್ಬಿಬ್ಬರು ಮೂಲೆಯಲ್ಲಿ ಕುಳಿತು ಎದ್ದು ಬಂದರೆ ಅದನ್ನು ಭಾಗವಹಿಸುವಿಕೆ ಎನ್ನಲಾದೀತೆ? ರಾಮಕೃಷ್ಣ ಹೆಗಡೆ ಸರ್ಕಾರದ 1983ರ ಕಾಯ್ದೆ ಈ ಲೆಕ್ಕವನ್ನು ಬದಲಿಸಿತು. ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಶೇ. 25 ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ಅದರ ಹಿಂದೆ ನಿಂತವರು ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಎನಿಸಿಕೊಂಡವರೂ ಅವರೇ. ನೀರು ಮತ್ತು ಮೀಸಲಾತಿ ಒಬ್ಬರದೇ ಕೈಯಿಂದ ಬಂದದ್ದು ಬರೀ ಕಾಕತಾಳೀಯವಲ್ಲವೆಂದು ನನಗನ್ನಿಸುತ್ತದೆ.

1987ರಲ್ಲಿ ಚುನಾವಣೆ ನಡೆಯಿತು. ಈ ತಾಲ್ಲೂಕುಗಳು ಆಗ ಕೋಲಾರ ಜಿಲ್ಲೆಯಲ್ಲಿದ್ದವು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಗೆದ್ದ ಹೆಂಗಸರಲ್ಲಿ ಎಷ್ಟೋ ಜನ ಓದುಬರಹ ಬಾರದವರು. ಹೆಂಡತಿ ಸದಸ್ಯೆ, ಅಧಿಕಾರ ಯಜಮಾನರದು ಎಂಬ ಗೇಲಿ ಅಂದೇ ಹುಟ್ಟಿತು. ಗೇಲಿಯಲ್ಲಿ ಸತ್ಯವಿಲ್ಲದೆ ಇರಲಿಲ್ಲ. ಆದರೆ ಗಂಡಸು ಸದಸ್ಯರೆಲ್ಲ ಸ್ವಂತ ಬುದ್ಧಿಯಿಂದಲೇ ಕೈ ಎತ್ತುತ್ತಿದ್ದರೇ, ಊರಿನ ಗೌಡರು ಹೇಳಿದಂತಲ್ಲವೇ ಎಂದು ಯಾರೂ ಕೇಳಲಿಲ್ಲ.

ಮಂಡಲಗಳ ಅವಧಿ 1992ರ ಆರಂಭದಲ್ಲಿ ಮುಗಿದು ಆಡಳಿತಾಧಿಕಾರಿಗಳು ಬಂದರು. ಸಂವಿಧಾನದ 73ನೇ ತಿದ್ದುಪಡಿ ಜಾರಿಯಾಗಿ, 1993ರ ಕೊನೆಯಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ ಒಂದು ಅಚ್ಚರಿ ಕಾದಿತ್ತು. ಮೀಸಲು ಇದ್ದದ್ದು ಮೂರನೆಯ ಒಂದು ಪಾಲು. ರಾಜ್ಯದಲ್ಲಿ ಮಹಿಳೆಯರು ಗೆದ್ದದ್ದು ಶೇ. 43ಕ್ಕೂ ಹೆಚ್ಚು ಸ್ಥಾನ! 2010ರ ತಿದ್ದುಪಡಿ ಮೀಸಲನ್ನು ಅರ್ಧಕ್ಕೇರಿಸಿತು.

ತೊಡಕು ಇರುವುದು ಸರದಿಯಲ್ಲಿ. ಮಹಿಳೆಯೊಬ್ಬಳು ಬಜೆಟ್ಟು, ಕಾಮಗಾರಿಯ ಬಿಲ್ಲು, ನೀರಗಂಟಿಯ ಸಂಬಳದ ಲೆಕ್ಕ ಕಲಿಯುವಷ್ಟರಲ್ಲಿ ಅವಧಿ ಮುಗಿಯುತ್ತದೆ. ಮುಂದಿನ ಚುನಾವಣೆಗೆ ಆ ಕ್ಷೇತ್ರದ ಮೀಸಲು ಬದಲಾಗುತ್ತದೆ. ಸಾಮಾನ್ಯ ಸ್ಥಾನವೆಂದರೆ ಗಂಡಸರದೆಂದೇ ಊರು ತಿಳಿದಿರುತ್ತದೆ. ಕಲಿತ ಕೆಲಸ ಮನೆ ಸೇರುತ್ತದೆ. ಪಂಚಾಯಿತಿಯಿಂದ ಬೆಂಗಳೂರಿನವರೆಗಿನ ಮೆಟ್ಟಿಲುಗಳಲ್ಲಿ ಹೆಂಗಸರು ತೆಳುವಾಗುತ್ತ ಹೋಗುವುದು ಹೀಗೆ. 2023ರ ಚುನಾವಣೆಯಲ್ಲಿ 224 ಸ್ಥಾನಗಳ ವಿಧಾನಸಭೆಗೆ ಗೆದ್ದ ಮಹಿಳೆಯರು 10 ಮಂದಿ. ಶಾಸನಸಭೆಗಳಲ್ಲಿ ಮೂರನೆಯ ಒಂದು ಪಾಲು ಕೊಡುವ ತಿದ್ದುಪಡಿಗೆ ಅದೇ ವರ್ಷ ಸಂಸತ್ತು ಒಪ್ಪಿತು. ಜನಗಣತಿ, ಕ್ಷೇತ್ರ ಪುನರ್ವಿಂಗಡಣೆ ಆದ ಮೇಲೆ ಎಂಬ ಷರತ್ತಿನೊಂದಿಗೆ.