ಮನೆ ಒಂದೆಡೆ, ಕಸುಬು ಒಂದೆಡೆ

ತಾವು ಬೆಂಗಳೂರಿನ ಹಳೆಯ ಪೇಟೆಯಲ್ಲಿ ಎಂದಾದರೂ ನಡೆದಾಡಿದ್ದರೆ ಅಲ್ಲಿನ ಹೆಸರುಗಳನ್ನು ಗಮನಿಸಿರಬೇಕು. ಅಕ್ಕಿಪೇಟೆ, ರಾಗಿಪೇಟೆ, ಕುಂಬಾರಪೇಟೆ, ಅರಳೆಪೇಟೆ. ಅರಳೆಯೆಂದರೆ ಬೀಜ ತೆಗೆದ ಹತ್ತಿ. ಇದನ್ನು ಈಗ ತರಗತಿಯಲ್ಲಿ ಬಿಡಿಸಿ ಹೇಳಬೇಕಾಗಿದೆ, ಅದಿರಲಿ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆನ್ನುವ ಈ ಊರಿನಲ್ಲಿ ಯಾವ ನೆಲದ ಮೇಲೆ ಏನು ನಡೆಯುತ್ತದೆಂಬುದನ್ನು ಹೆಸರೇ ಸಾರುತ್ತಿತ್ತು. ಕುಂಬಾರನ ಮನೆಯ ಅಂಗಳದಲ್ಲೇ ಅವನ ಚಕ್ರ. ವರ್ತಕನ ವಾಸ ಅಂಗಡಿಯ ಹಿಂದೆಯೋ ಮೇಲೆಯೋ. ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಚೌಕಕ್ಕೆ ಎಲ್ಲರೂ ಕಾಲ್ನಡಿಗೆಯಲ್ಲೇ ಬಂದು ಹೋಗಬಹುದಾಗಿತ್ತು.

ಈ ಕಟ್ಟು ಸಡಿಲವಾದದ್ದು ಪ್ಲೇಗಿನ ಕಾಲಕ್ಕೆ. 1898ರ ಆಗಸ್ಟಿನಲ್ಲಿ ಆ ಮಾರಿ ಊರೊಳಗೆ ಕಾಲಿಟ್ಟಿತು. ಇಕ್ಕಟ್ಟಾದ ಪೇಟೆಯಲ್ಲಿ ಸಾವು ಮನೆಯಿಂದ ಮನೆಗೆ ದಾಟಿತು. ಮೈಸೂರು ಸರ್ಕಾರ ಮೊದಲೇ ಆಲೋಚಿಸಿದ್ದ ಬಡಾವಣೆಗಳ ಕೆಲಸ ಆಗ ಚುರುಕಾಯಿತು. ಸುಂಕೇನಹಳ್ಳಿಯ ಬಳಿ ಬಸವನಗುಡಿ, ಮಲ್ಲಾಪುರದ ಬಳಿ ಮಲ್ಲೇಶ್ವರ ಎದ್ದು ನಿಂತವು. ಮೊದಲು ದಾರದಂತೆ ನೇರವಾದ ರಸ್ತೆ, ಆಮೇಲೆ ಮನೆ. ಗಾಳಿಗೆ, ಬೆಳಕಿಗೆ ಎಡೆ. ಕಸ ಸಾಗಿಸಲು ಹಿತ್ತಿಲ ಓಣಿ. ನಿವೇಶನಗಳನ್ನು ಜಾತಿವಾರು ವಿಂಗಡಿಸಿದ್ದೊಂದು ಕುಂದು. ಆದರೂ ಆ ರಸ್ತೆಗಳು ಇಂದಿಗೂ ಉಪಯೋಗಕ್ಕೆ ಬರುತ್ತಿವೆ ಎಂಬುದನ್ನು ಒಪ್ಪಲೇಬೇಕು.

ಆದರೆ ಮನೆ ಬಸವನಗುಡಿಗೆ ಹೋಯಿತು, ಕಸುಬು ಪೇಟೆಯಲ್ಲೇ ಉಳಿಯಿತು, ಕಚೇರಿ ಕಬ್ಬನ್ ಪಾರ್ಕಿನ ಕಡೆ ಇತ್ತು. ರೋಗದಿಂದ ಪಾರಾದ ಗೃಹಸ್ಥನಿಗೆ ದಿನದಿನದ ಪ್ರಯಾಣ ಗಂಟುಬಿತ್ತು. ನಿವೇಶನ ಅಳೆದುಕೊಟ್ಟವರು ವಾಹನದ ವಿಚಾರವನ್ನು ಅವನ ಪಾಲಿಗೇ ಬಿಟ್ಟರು. ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಹುಟ್ಟಿದ್ದು 1940ರಲ್ಲಿ! ನಡುವಿನ ನಾಲ್ಕು ದಶಕ ಜಟಕಾ, ಸೈಕಲ್ಲು, ಇಲ್ಲವೇ ಸ್ವಂತ ಕಾಲು.

1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ರ ವೇಳೆಗೆ ಹೆಚ್ಚುಕಡಮೆ ಇಮ್ಮಡಿಯಾಯಿತು. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪನೆಯಾಯಿತು. 1948ರಲ್ಲಿ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಸ್ತಿಭಾರವಿಟ್ಟರು. ಅಲ್ಲಿ ನಾಲ್ಕನೆಯ ಬ್ಲಾಕಿನಲ್ಲಿ ಅಂಗಡಿಗಳ ಸಂಕೀರ್ಣವೂ ಬಸ್ ನಿಲ್ದಾಣವೂ ಒಂದರ ಮಗ್ಗುಲಿಗೊಂದು ಬಂದವು. ತರಕಾರಿ ಚೀಲ ಹಿಡಿದವಳು ನಾಲ್ಕು ಹೆಜ್ಜೆಯಿಟ್ಟರೆ ಬಸ್ಸು. ನನ್ನ ಎಣಿಕೆಯಲ್ಲಿ ನಗರಯೋಜನೆಯೆಂದರೆ ಇದು. ಆದರೆ ಇದು ನಿಯಮವಾಗಲಿಲ್ಲ. 1956ರಲ್ಲಿ ಬಸ್ಸುಗಳು ಸರ್ಕಾರದ ಕೈಸೇರಿದವು. 1976ರಲ್ಲಿ ಟ್ರಸ್ಟ್ ಬೋರ್ಡಿನ ಸ್ಥಾನಕ್ಕೆ ಅಭಿವೃದ್ಧಿ ಪ್ರಾಧಿಕಾರ ಬಂತು. ನೆಲಕ್ಕೊಂದು ಕಚೇರಿ, ಬಸ್ಸಿಗೊಂದು ಕಚೇರಿ. ಊರ ಅಂಚಿನ ಬಡಾವಣೆಯೊಂದರಲ್ಲಿ ನಾನು ಮನೆ ಕಟ್ಟಿಸಿದಾಗ ಮೊದಲ ಮೂರು ವರ್ಷ ಬಸ್ಸಿಗಾಗಿ ಒಂದೂವರೆ ಮೈಲಿ ನಡೆದವನು. ಪಾದರಕ್ಷೆಯ ಖರ್ಚು ನಿವೇಶನದ ಪತ್ರದಲ್ಲಿ ಕಾಣಿಸಿರಲಿಲ್ಲ.

ಹೊರವರ್ತುಲ ರಸ್ತೆಯ ಕಥೆಯೂ ಇದೇ. ಪರಸ್ಥಳದ ಲಾರಿಗಳು ಊರೊಳಗೆ ನುಗ್ಗದೆ ಸುತ್ತಿಹೋಗಲೆಂದು ಹಾಕಿದ ದಾರಿಯ ಪೂರ್ವಭಾಗದಲ್ಲಿ ಕಚೇರಿಗಳ ಸಾಲು ಎದ್ದಿತು. ಸುತ್ತಿಹೋಗುವ ದಾರಿಯೇ ಜನ ಬಂದು ಸೇರುವ ತಾಣವಾಯಿತು. ಅಲ್ಲಿ ಮೆಟ್ರೊ ಕಾಮಗಾರಿ ಆರಂಭವಾದದ್ದು ಸುಮಾರು ಎರಡು ದಶಕಗಳ ತರುವಾಯ. ಸಂಚಾರದ ಯೋಜನೆಯನ್ನೆಲ್ಲ ಒಂದು ಪ್ರಾಧಿಕಾರಕ್ಕೆ ಒಪ್ಪಿಸುವ ಕಾಯಿದೆ 2022ರದು. ಅಂದರೆ ಬಸವನಗುಡಿಯಿಂದ ಇಲ್ಲಿಗೆ ನೂರಿಪ್ಪತ್ತು ವರ್ಷಗಳಿಗೂ ಮಿಗಿಲು.

ಬಡಾವಣೆಗಳಿಗೆ ಪರಸ್ಪರ ನೇರ ಬಸ್ಸು ಸಾಲದೆ, ಬಹುಕಾಲ ಎಲ್ಲರೂ ಮೆಜೆಸ್ಟಿಕ್ಕಿಗೇ ಬಂದು ಇಳಿದು ಹತ್ತಬೇಕಾಗಿತ್ತು. ಆ ಸ್ಥಳ ಹಿಂದೆ ಧರ್ಮಾಂಬುಧಿ ಕೆರೆ. 1896ರಲ್ಲಿ ಹೆಸರಘಟ್ಟದ ಕೊಳಾಯಿ ನೀರು ಬಂದ ಮೇಲೆ ಕೆರೆಯ ಮೇಲಿನ ಅಕ್ಕರೆ ತಗ್ಗಿತು. ನೀರು ಬತ್ತಿ ಮೈದಾನವಾಯಿತು, ಮೈದಾನ ಬಸ್ ನಿಲ್ದಾಣವಾಯಿತು, 2016ರಲ್ಲಿ ಅದರ ಅಡಿಯಲ್ಲಿ ಮೆಟ್ರೊ ಬಂತು. ಪಕ್ಕದ ಬೀದಿಗೆ ಇಂದಿಗೂ ಟ್ಯಾಂಕ್ ಬಂಡ್ ರೋಡ್, ಎಂದರೆ ಕೆರೆಯೇರಿಯ ರಸ್ತೆ, ಎಂಬ ಹೆಸರಿದೆ. ಅಲ್ಲಿ ನಿಂತ ಪ್ರಯಾಣಿಕರು ಅದನ್ನು ಓದುತ್ತಾರೆ. ಬಸ್ಸು ಬಂದರೆ ಓಡುತ್ತಾರೆ.